ಯಾರ ಪಾಳಿಯಲ್ಲಿ ಬಿದ್ದರು?

ಶಿರಗುಪ್ಪಿ ಬಿಟ್ಟು ಹುಬ್ಬಳ್ಳಿ, ಪುಣೆ, ಗೋವಾ, ಬೆಂಗಳೂರುಗಳಲ್ಲಿ ದುಡಿಯುತ್ತಿರುವ ನಮ್ಮೂರ ಮಕ್ಕಳಿಗೆ ಒಂದು ಬಹಿರಂಗ ಪತ್ರ

ನಮ್ಮೂರ ಮಕ್ಕಳೇ,

ಈ ಸಲ ಪಂಚಮಿಗೆ ಬಂದಾಗ ನಿಮ್ಮಲ್ಲಿ ನಾಲ್ಕಾರು ಮಂದಿ, ಒಬ್ಬರು ಬಂದದ್ದು ಇನ್ನೊಬ್ಬರಿಗೆ ಗೊತ್ತಾಗದಂತೆ, ನಮ್ಮ ಮನೆಗೆ ಬಂದು ಕೂತಿರಿ. ಮಳೆಯ ಮಾತಾಯಿತು, ಹೆಸರಿನ ದರದ ಮಾತಾಯಿತು. ಏಳುವ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ ಪ್ರಶ್ನೆ: “ಕಾಕಾ, ಹುಬ್ಬಳ್ಯಾಗ ಛಲೋ ವೃದ್ಧಾಶ್ರಮ ಯಾವುದೈತ್ರಿ? ತಿಂಗಳಿಗೆ ಎಷ್ಟ ತಗೋತಾರ?”

ಕೇಳಿದ್ದರಲ್ಲಿ ತಪ್ಪಿಲ್ಲ. ಬ್ಯಾಂಕಿನ ಕ್ಯಾಶ್ ಕೌಂಟರಿನ ಹಿಂದೆ ಆಯುಷ್ಯ ಸವೆಸಿದವನನ್ನು ಜನ ರೊಕ್ಕದ ಮಾತು ಕೇಳದೆ ಮತ್ತೇನು ಕೇಳುತ್ತಾರೆ? ಅವತ್ತು ಹಬ್ಬದ ಗದ್ದಲ, ಪೂರ್ತಿ ಮಾತಾಡಲು ಆಗಲಿಲ್ಲ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಎಲ್ಲರಿಗೂ ಕೂಡಿಯೇ ಬರೆಯುತ್ತಿದ್ದೇನೆ, ಯಾಕಂದರೆ ನಿಮ್ಮ ಮನೆಯ ಕತೆ ಪಕ್ಕದ ಮನೆಯದೂ ಹೌದು. ಆದರೂ ಊರಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಆಡುವುದಿಲ್ಲ. ಸೊಸೈಟಿಯಲ್ಲಿ ಸಾಲ ಎಷ್ಟಿದೆ ಅಂತ ಹೇಳುತ್ತಾರೆ, ಈ ವರ್ಷ ಕಡಲೆಯಲ್ಲಿ ಎಷ್ಟು ಲುಕ್ಸಾನಾಯಿತು ಅಂತ ಹೇಳುತ್ತಾರೆ, ಅವ್ವನ ಡೈಪರಿಗೆ ತಿಂಗಳಿಗೆ ಎಷ್ಟು ಹೋಗುತ್ತದೆ ಅಂತ ಮಾತ್ರ ಹೇಳುವುದಿಲ್ಲ.

ಮೊದಲು ನೀವು ಕೇಳಿದ್ದಕ್ಕೆ ಉತ್ತರ. ಆಶ್ರಮಗಳಿವೆ. ಧರ್ಮಾರ್ಥ ನಡೆಸುವವೂ ಇವೆ, ತಿಂಗಳ ಫೀ ಪಡೆಯುವವೂ ಇವೆ. ಫೋನ್ ಮಾಡಿ ನೋಡಿ, ಹೆಚ್ಚಿನ ಕಡೆ ಮೊದಲು ಬರುವ ಪ್ರಶ್ನೆ “ತಾವ ಎದ್ದು ಬಚ್ಚಲಕ್ಕ ಹೋಗ್ತಾರೇನ್ರಿ?” ಎಂಬುದು. ಹೋಗುತ್ತಾರೆ ಅಂದರೆ ಮಾತು ಮುಂದುವರಿಯುತ್ತದೆ. ಇಲ್ಲ ಅಂದರೆ “ನಮ್ಮಲ್ಲಿ ಅಷ್ಟು ಮಂದಿ ಸಿಬ್ಬಂದಿ ಇಲ್ಲ” ಅನ್ನುತ್ತಾರೆ, ಅಥವಾ ಫೀ ಎರಡು ಪಟ್ಟಾಗುತ್ತದೆ. ಅಂದರೆ ನಿಮ್ಮ ಅಪ್ಪ-ಅವ್ವ ತಮ್ಮ ಕೈಯಾರೆ ನೀರು ಹಾಕಿಕೊಳ್ಳುತ್ತಿರುವಾಗ ಬಾಗಿಲು ತೆರೆದಿರುತ್ತದೆ, ನಿಮಗೆ ನಿಜವಾಗಿ ಬೇಕಾದ ದಿನ ಮುಚ್ಚಿರುತ್ತದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 19ನೇ ಕಲಂ, ಜಿಲ್ಲೆಗೆ ಒಂದಾದರೂ, ಕನಿಷ್ಠ 150 ಮಂದಿ ಬಡ ಹಿರಿಯರು ಇರಬಹುದಾದ ಮನೆ ಕಟ್ಟಬಹುದು ಅನ್ನುತ್ತದೆ. ಜಿಲ್ಲೆಗೆ 150! ನಮ್ಮ ಹೋಬಳಿಯ ಓಣಿಗಳನ್ನು ಒಂದು ಸುತ್ತು ಹಾಕಿ ಬಂದರೆ ಆ ಸಂಖ್ಯೆ ಎಲ್ಲಿಗೆ ಸಾಲುತ್ತದೆ ಅಂತ ನಿಮಗೇ ತಿಳಿದೀತು. ಮಕ್ಕಳಿಲ್ಲದವರಿಗೆ, ಮನೆಯಲ್ಲಿ ಪೆಟ್ಟು ತಿನ್ನುವವರಿಗೆ, ನೆನಪು ಪೂರ್ತಿ ಹೋಗಿ ರಾತ್ರಿ ಎದ್ದು ಗದಗ ರಸ್ತೆಗೆ ನಡೆದುಬಿಡುವವರಿಗೆ ಅಂಥ ಮನೆ ಬೇಕೇ ಬೇಕು. ಉಳಿದ ನಿಮ್ಮ ನನ್ನಂಥವರ ಲೆಕ್ಕ ಮನೆಯೊಳಗೇ ಬಗೆಹರಿಯಬೇಕು.

ಆ ಲೆಕ್ಕ ಈಗ ಹೇಗೆ ನಡೆಯುತ್ತಿದೆ? ಪಾಳಿಯ ಮೇಲೆ. ನೀವೆಲ್ಲ ಪಾಳಿ ಕಂಡು ಬೆಳೆದವರೇ. ಪಾಲಾದ ಮೇಲೆ ಅಮಾಸಿಯಿಂದ ಅಮಾಸಿಗೆ ಹಿರಿಮಗನ ಮನೆ, ಅಲ್ಲಿಂದ ಮುಂದಿನ ಅಮಾಸಿಗೆ ನಡುವಿನವನದು, ಆಮೇಲೆ ಸಣ್ಣವನದು. ಕೆಲವು ಮನೆಗಳಲ್ಲಿ ಅಪ್ಪ ಒಬ್ಬನ ಕಡೆ, ಅವ್ವ ಇನ್ನೊಬ್ಬನ ಕಡೆ. ಐವತ್ತು ವರ್ಷ ಒಂದೇ ಒಲೆಯ ಅಡುಗೆ ಉಂಡವರು ಓಣಿಯ ಎರಡು ತುದಿಗೆ. ಇದನ್ನು ಪೇಟೆಯಿಂದ ಬಂದವರು ಬೈಯುತ್ತಾರೆ. ನಾನು ಅಷ್ಟು ಬೈಯುವುದಿಲ್ಲ. ಭಾರ ಒಬ್ಬರ ಮೇಲೇ ಬೀಳಬಾರದು ಎಂಬ ನ್ಯಾಯ ಅದರೊಳಗಿದೆ. ಬಟ್ಟೆಯ ಗಂಟು, ಕೋಲು, ಗುಳಿಗೆ ಡಬ್ಬಿ ಹಿಡಿದು ಮುದುಕಿ ತಾನೇ ನಡೆದು ಹೋಗುವ ತನಕ ಆ ನ್ಯಾಯ ಸರಿಯಾಗಿಯೇ ನಡೆಯುತ್ತದೆ.

ಮುರಿಯುವುದು ಬಿದ್ದ ದಿನ. ಬಚ್ಚಲದಲ್ಲಿ ಜಾರಿ ಸೊಂಟದ ಎಲುಬು ಮುರಿಯಿತು, ಇಲ್ಲವೆ ಬೆಳಕು ಹರಿಯುವುದರೊಳಗೆ ಲಕ್ವಾ ಹೊಡೆದು ಒಂದು ಮಗ್ಗಲಿನ ಕೈಕಾಲು ಹೋದವು. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಒಯ್ದಿರಿ, ಜೀವ ಉಳಿಯಿತು, ಮನೆಗೆ ತಂದಿರಿ. ಯಾರ ಮನೆಗೆ? ಬಿದ್ದಾಗ ಯಾರ ಪಾಳಿ ಇತ್ತೋ ಅವರ ಮನೆಗೆ. ಹಾಸಿಗೆ ಹಿಡಿದವರನ್ನು ಅಮಾಸಿಗೊಮ್ಮೆ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹಾಕಿಕೊಂಡು ತಿರುಗಲು ಬರುವುದಿಲ್ಲ. ಅಲ್ಲಿಗೆ ಪಾಳಿ ನಿಂತಿತು. ಉಳಿದವರು “ನಾವೂ ನೋಡಾಕ ತಯಾರ ಅದೀವಿ, ಡಾಕ್ಟರ ಅಲ್ಲಾಡಸಬ್ಯಾಡ್ರಿ ಅಂದಾರಲ್ಲ” ಅಂದರು. ಡಾಕ್ಟರು ಹಾಗಂದದ್ದು ನಿಜವೂ ಇರಬಹುದು. ನಮ್ಮ ಓಣಿಯ ಒಬ್ಬ ಸೊಸೆ ನನಗೆ ಹೇಳಿದ ಮಾತಿದು: “ನಮ್ಮ ಪಾಳಿ ಮುಗಿಯಾಕ ಇನ್ನ ಏಳು ದಿನಾ ಉಳದಿತ್ರೀ ಮಾವಾರ. ಆ ಏಳು ದಿನಕ್ಕ ಈಗ ಐದು ವರ್ಷ ಆತು.”

ಆಕೆಯ ಪಡಸಾಲೆಗೆ ಹೋಗಿ ನೋಡಿ. ಮೂಲೆಯಲ್ಲಿ ಕಬ್ಬಿಣದ ಮಂಚ, ಅದರ ಮೇಲೆ ಗಾಳಿ ತುಂಬುವ ಏರ್‌ಬೆಡ್, ಅದರ ಪಂಪಿನ ಗುಂಯ್ ಸದ್ದು ಹಗಲೂ ರಾತ್ರಿ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸದಿದ್ದರೆ ಸೊಂಟದ ಹಿಂದೆ ಹುಣ್ಣಾಗುತ್ತದೆ. ಆಗಿಬಿಟ್ಟರೆ ಮಾಯುವುದಕ್ಕೆ ತಿಂಗಳುಗಳೇ ಬೇಕು. ಅದಕ್ಕೆ ಆಕೆಯ ಮೊಬೈಲಿನಲ್ಲಿ ಅಲಾರಂ: ಹನ್ನೊಂದು, ಒಂದು, ಮೂರು, ಐದು. ಕರೆಂಟ್ ಹೋದರೆ ಹಾಸಿಗೆಯ ಗಾಳಿ ಇಳಿಯುತ್ತದೆ, ಆಗ ತಾಸಿಗೊಮ್ಮೆ ಏಳಬೇಕು. ಜೋಳದ ನುಚ್ಚನ್ನು ಮಜ್ಜಿಗೆಯಲ್ಲಿ ತೆಳ್ಳಗೆ ಕಲಸಿ ಚಮಚದಿಂದ ತಿನ್ನಿಸಲು ಮುಕ್ಕಾಲು ತಾಸು. ಲಕ್ವಾ ಆದವರಿಗೆ ಅವಸರ ಮಾಡಿದರೆ ತುತ್ತು ಗಾಳಿಕೊಳವೆಗೆ ಇಳಿದು ನ್ಯುಮೋನಿಯಾ ಆಗುತ್ತದೆ, ಅದನ್ನೂ ಆಕೆ ಒಮ್ಮೆ ಕಂಡಿದ್ದಾಳೆ. ಹೆಸರು ಬಿಡಿಸುವಾಗ, ಹತ್ತಿ ಬಿಡಿಸುವಾಗ, ಮೆಣಸಿನಕಾಯಿ ಹರಿಯುವಾಗ ಓಣಿಯ ಹೆಂಗಸರ ಗುಂಪಿನಲ್ಲಿ ಮುಂದೆ ಇರುತ್ತಿದ್ದವಳು ಈಗ ಕೂಲಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ.

ನಿಮ್ಮ ಅಣ್ಣ-ತಮ್ಮಂದಿರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆಸ್ಪತ್ರೆಯ ಬಿಲ್ಲು ಬರುತ್ತದೆ, ಸ್ಕ್ಯಾನಿಂಗಿನ ಬಿಲ್ಲು ಬರುತ್ತದೆ, ಅದನ್ನು ಮೂರು ಪಾಲು ಮಾಡಿ ಫೋನ್‌ಪೇ ಹೊಡೆಯುತ್ತೀರಿ. ಒಳ್ಳೆಯದೇ. ಈಕೆಯ ಹೋದ ಕೂಲಿ ಯಾವ ಬಿಲ್ಲಿನಲ್ಲಿ ಬಂತು? ನಾನು ಈ ಪತ್ರ ಬರೆಯಲು ಕೂತದ್ದು ಇಷ್ಟಕ್ಕೇ. ಹಿರಿಯರ ಆರೈಕೆಗೆ ರೊಕ್ಕ ಎಲ್ಲಿಂದ ತರೋಣ ಅಂತ ನೀವು ಕೇಳುತ್ತೀರಿ. ಈಗಾಗಲೇ ಯಾರೋ ತುಂಬುತ್ತಿದ್ದಾರೆ. ತುಂಬುವವಳ ಹೆಸರು ನಿಮ್ಮ ಲೆಕ್ಕದ ಹಾಳೆಯಲ್ಲಿಲ್ಲ ಅಷ್ಟೇ.

ಸರಕಾರ ಏನು ಕೊಡುತ್ತದೆ ಅಂತ ಕೇಳುವವರಿಗೆ: 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ. 2007ರಲ್ಲಿ ಶುರುವಾದಾಗ ತಿಂಗಳಿಗೆ 400 ರೂಪಾಯಿ, ಈಗ 1200. ಅರ್ಜಿ ಇಲ್ಲೇ ನಾಡಕಚೇರಿಯಲ್ಲಿ. ಕೇಂದ್ರದ ವೃದ್ಧಾಪ್ಯ ವೇತನದಲ್ಲಿ ದಿಲ್ಲಿಯ ಪಾಲು ಇಂದಿಗೂ 80ರ ಒಳಗಿನವರಿಗೆ 200 ರೂಪಾಯಿ, 80 ದಾಟಿದರೆ 500. ಉಳಿದದ್ದನ್ನು ರಾಜ್ಯ ಹಾಕುತ್ತದೆ. ರೇಷನ್ ಕಾರ್ಡಿನಲ್ಲಿ ಅತ್ತೆಯೇ ಯಜಮಾನಿಯಾಗಿದ್ದರೆ ಗೃಹಲಕ್ಷ್ಮಿಯ 2000 ಆಕೆಯ ಖಾತೆಗೆ. ಬಹಳ ಮನೆಗಳಲ್ಲಿ ಅದೇ ಈಗ ಔಷಧದ ರೊಕ್ಕ.

ಈ ದುಡ್ಡನ್ನು ಕೈಗೆ ತರುವುದೂ ಒಂದು ಕೆಲಸ. ಹಾಸಿಗೆ ಹಿಡಿದವರು ಬ್ಯಾಂಕಿಗೆ ಬರಲಾರರು, ಹಾಗಾಗಿ ಬೆರಳಚ್ಚಿನ ಮಶೀನು ಹಿಡಿದು ಹುಡುಗನೊಬ್ಬ ಮನೆಗೆ ಬರುತ್ತಾನೆ. ಜೀವಮಾನವೆಲ್ಲ ಕಸ ಕಿತ್ತು, ಹತ್ತಿ ಬಿಡಿಸಿ, ರೊಟ್ಟಿ ಬಡಿದ ಕೈ. ಬೆರಳಿನಲ್ಲಿ ಗೆರೆ ಎಲ್ಲಿರಬೇಕು? ಹೆಬ್ಬೆರಳು ಒತ್ತಿಸುತ್ತಾನೆ, ಮಶೀನು ಕೆಂಪು. ಒದ್ದೆ ಅರಿವೆಯಿಂದ ಒರೆಸಿ ತೋರುಬೆರಳು, ಮತ್ತೆ ಕೆಂಪು. ಲಕ್ವಾ ಹೊಡೆದ ಕೈಯ ಬೆರಳನ್ನು ಬಿಡಿಸಿ ಹಿಡಿಯಬೇಕಾದವಳು ಮತ್ತೆ ಅದೇ ಸೊಸೆ. ಹತ್ತೂ ಬೆರಳು ಮುಗಿದ ಮೇಲೆ “ನಾಳೆ ನೋಡೂಣ್ರಿ, ಸರ್ವರ್ ಸ್ಲೋ ಐತಿ” ಅಂತ ಅವನು ಎದ್ದು ಹೋಗುತ್ತಾನೆ. ಸರ್ವರ್ ಪಾಪ, ಎಲ್ಲದಕ್ಕೂ ಬೈಸಿಕೊಳ್ಳುತ್ತದೆ.

ಇನ್ನು ವಿಮೆ. 2024ರ ಅಕ್ಟೋಬರಿನಲ್ಲಿ ಕೇಂದ್ರ 70 ದಾಟಿದ ಎಲ್ಲರಿಗೂ ಆದಾಯ ನೋಡದೆ 5 ಲಕ್ಷದ ಆಯುಷ್ಮಾನ್ ರಕ್ಷಣೆ ಎಂದು ಸಾರಿತು. ನಿಮ್ಮ ಕಂಪನಿಗಳ ಮೆಡಿಕ್ಲೇಮಿನಲ್ಲೂ ಅಪ್ಪ-ಅವ್ವನ ಹೆಸರಿರಬಹುದು. ಕಾರ್ಡು ಮಾಡಿಸಿ ಇಟ್ಟುಕೊಳ್ಳಿ. ಆದರೆ ಇವೆಲ್ಲ ನಡೆಯುವುದು ಆಸ್ಪತ್ರೆಯ ಹಾಸಿಗೆಯ ಮೇಲೆ. ಡಿಸ್ಚಾರ್ಜ್ ಆಗಿ ಮನೆಯ ಹಾಸಿಗೆಗೆ ಬಂದ ಮೇಲೆ ಡೈಪರಿಗೆ, ಪೈಪು ಬದಲಿಸುವ ನರ್ಸಿಗೆ, ನೋಡಿಕೊಳ್ಳುವವರಿಗೆ ನಯಾಪೈಸೆ ಬರುವುದಿಲ್ಲ. ಆಸ್ಪತ್ರೆ ಹದಿನೈದು ದಿನದ್ದು, ಮನೆ ಐದಾರು ವರ್ಷದ್ದು. ಹಿಂದೆ ಲಕ್ವಾ ಹೊಡೆದವರು ಬಹಳ ದಿನ ಉಳಿಯುತ್ತಿರಲಿಲ್ಲ. “ಕೂಡು ಕುಟುಂಬದಾಗ ಎಷ್ಟ ಛಂದ ನೋಡತಿದ್ರು” ಎಂದು ಈಗ ಕಣ್ಣೊರೆಸಿಕೊಳ್ಳುವವರು ಅದನ್ನೂ ನೆನಪಿಡಬೇಕು. ಇಷ್ಟು ದೀರ್ಘಕಾಲದ ಆರೈಕೆ ನಮ್ಮ ಅಜ್ಜಿಯರ ಕಾಲಕ್ಕೆ ಯಾರಿಗೂ ಬಂದಿರಲಿಲ್ಲ. ಅವರಿಂದ ಕಲಿಯೋಣ ಅಂದರೆ ಅವರಲ್ಲೂ ಲೆಕ್ಕ ಇಲ್ಲ.

ರಿವರ್ಸ್ ಮಾರ್ಟ್‌ಗೇಜ್ ಅಂತ ಒಂದನ್ನು 2007ರಲ್ಲಿ ತಂದರು: ಮನೆ ಅಡವಿಟ್ಟು ಬ್ಯಾಂಕಿನಿಂದ ತಿಂಗಳು ತಿಂಗಳು ರೊಕ್ಕ ಪಡೆಯುವುದು. ನಿಮ್ಮಲ್ಲೊಬ್ಬರು ಅದನ್ನು ಕೇಳಿದಿರಿ. ಅದು ಪೇಟೆಯ ಕಾಗದಪತ್ರ ಚೊಕ್ಕ ಇರುವ ಮನೆಗೆ. ನಮ್ಮ ಮೇಲ್ಮುದ್ದೆ ಮನೆಯ ಕಡೆ, ಎರೆಹೊಲದ ಕಡೆ ಆ ಸ್ಕೀಮು ತಿರುಗಿಯೂ ನೋಡುವುದಿಲ್ಲ.

ಈಗ ಕಾನೂನು. 2007ರ ಅದೇ ಕಾಯ್ದೆಯಡಿ ಮಕ್ಕಳು ನೋಡಿಕೊಳ್ಳದಿದ್ದರೆ ಹಿರಿಯರು ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ವಕೀಲರು ಬೇಕಿಲ್ಲ. ನೋಟಿಸ್ ಜಾರಿಯಾದ 90 ದಿನದೊಳಗೆ ತೀರ್ಮಾನ ಆಗಬೇಕು. ಆದರೆ ನಮ್ಮ ಉಪವಿಭಾಗದ ಕಚೇರಿ ಧಾರವಾಡದಲ್ಲಿ. ಎದ್ದು ಕೂರಲಾಗದ ಮುದುಕಿ ಹುಬ್ಬಳ್ಳಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಹೆತ್ತ ಮಗನ ಮೇಲೆ ದೂರು ಕೊಡುತ್ತಾಳೆ ಅಂತ ದಿಲ್ಲಿಯಲ್ಲಿ ಕೂತವರು ಅಂದುಕೊಂಡಿದ್ದರೇನೋ.

ಆ ಕಾಯ್ದೆಯಲ್ಲಿ ಎರಡು ಸಂಗತಿ ನನ್ನ ತಲೆಯಿಂದ ಹೋಗುವುದಿಲ್ಲ. ಒಂದು, ಅದರಲ್ಲಿ ಹೊಣೆಗಾರರಾದ “ಮಕ್ಕಳು” ಅಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರಿಲ್ಲ. 2019ರಲ್ಲಿ ಅಳಿಯ-ಸೊಸೆಯನ್ನೂ ಸೇರಿಸುವ ತಿದ್ದುಪಡಿ ಮಸೂದೆ ಲೋಕಸಭೆಗೆ ಬಂತು, ಪಾಸಾಗಲಿಲ್ಲ. ಆಗದಿದ್ದದ್ದೇ ಒಳ್ಳೆಯದಾಯಿತು ಅಂತ ನನ್ನ ಅಭಿಪ್ರಾಯ. ಮಾಡುವವಳು ಆಕೆ, ಮತ್ತೆ ಜೈಲಿನ ಹೆದರಿಕೆಯೂ ಆಕೆಗೇ ಯಾಕೆ? ಕಾನೂನಿನ ಪ್ರಕಾರ ಹೊಣೆ ನಿಮ್ಮದು, ಕೆಲಸ ಆಕೆಯದು. ಹಾಗಿದ್ದ ಮೇಲೆ ಹೊಣೆಗಾರರು ಕೆಲಸಗಾರರಿಗೆ ಪಗಾರ ಕೊಡುವುದು ಲೋಕರೂಢಿ.

ಎರಡು, ಆ ಕಾಯ್ದೆಯಡಿ ಕೊಡಿಸಬಹುದಾದ ಜೀವನಾಂಶ ಎಷ್ಟೇ ಮಕ್ಕಳಿದ್ದರೂ ತಿಂಗಳಿಗೆ 10,000 ರೂಪಾಯಿ ಮೀರುವಂತಿಲ್ಲ. 2007ರ ಅಂಕಿ, ಇನ್ನೂ ಹಾಗೇ ಇದೆ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ಇತ್ತು. ಮೂವತ್ತು ದಿನಕ್ಕೆ 11,100 ಆಗುತ್ತದೆ. ಒಬ್ಬ ಹೆಣ್ಣುಮಗಳು ಇಡೀ ತಿಂಗಳು ಹಾಸಿಗೆಯ ಪಕ್ಕ ಕೂತದ್ದಕ್ಕೆ, ಕಾಲುವೆ ಹೂಳು ತೆಗೆಯುವ ಕೂಲಿಯನ್ನು ಹಿಡಿದರೂ ಕಾನೂನಿನ ಗರಿಷ್ಠವನ್ನು ದಾಟುತ್ತದೆ. ಔಷಧ, ಊಟ, ಡೈಪರು ಅದರ ಮೇಲೆ.

ಬರ್ರಿ, ಒಂದು ಮನೆಯ ಲೆಕ್ಕ ಹಾಕೋಣ. ಯಾರ ಮನೆಯೂ ಅಲ್ಲ, ಎಲ್ಲರ ಮನೆಯೂ ಹೌದು. ಅವ್ವ ಹಾಸಿಗೆ ಹಿಡಿದಿದ್ದಾಳೆ. ಮೂವರು ಮಕ್ಕಳು: ಒಬ್ಬ ಊರಲ್ಲಿ, ಒಬ್ಬ ಪುಣೆಯಲ್ಲಿ, ಮಗಳು ಹುಬ್ಬಳ್ಳಿಗೆ ಕೊಟ್ಟದ್ದು. ಹಿರಿಯರ ಪಾಲಿನ ನಾಲ್ಕು ಎಕರೆ ಇದೆ, ಲಾವಣಿಗೆ ಹಾಕಿದ್ದಾರೆ. ಎಕರೆಗೆ ವರ್ಷಕ್ಕೆ ಹದಿನೈದು ಸಾವಿರ ಹಿಡಿಯಿರಿ, ಬೆಣ್ಣಿಹಳ್ಳ ಉಕ್ಕಿ ಬೆಳೆ ಹೋದ ವರ್ಷ ಅಷ್ಟೂ ಬರುವುದಿಲ್ಲ ಅನ್ನುವುದು ಬೇರೆ. ವರ್ಷಕ್ಕೆ 60,000, ತಿಂಗಳಿಗೆ 5000. ಪಿಂಚಣಿ 1200. ಒಟ್ಟು ಬರುವುದು 6200. ಹೋಗುವುದು: ದಿನಕ್ಕೆ ಮೂರು ಡೈಪರು, ಒಂದಕ್ಕೆ 35ರಂತೆ ತಿಂಗಳಿಗೆ 3150. ಔಷಧ, ಹತ್ತಿ, ಪೌಡರ್, ಆಗಾಗ ಬರುವ ನರ್ಸು ಸೇರಿ 2000. ಹಾಲು, ಹಣ್ಣು, ಊಟ 2000. ಇಲ್ಲಿಗೆ 7150. ನೋಡಿಕೊಳ್ಳುವವಳಿಗೆ ಪೂರ್ತಿ ಕೂಲಿ ಬೇಡ, ಅರ್ಧವೇ ಹಿಡಿಯೋಣ, ದಿನಕ್ಕೆ 185. ಅದು 5550. ಒಟ್ಟು 12,700. ಕೊರತೆ 6500. ಮೂವರಿಗೆ ಹಂಚಿದರೆ ತಲೆಗೆ 2200ರ ಒಳಗೆ.

ಇದು ನೀವು ಬೈಕಿಗೆ ಕಟ್ಟುವ ಕಂತಿಗಿಂತ ಕಡಿಮೆ. ಹುಬ್ಬಳ್ಳಿಯ ಏಜೆನ್ಸಿಯಿಂದ ಹಗಲಿಗೊಬ್ಬ ಆಯಾ ಕರೆಸಿದರೆ ನಿಮ್ಮ ಮೂವರ ಪಾಲೂ ಸೇರಿ ಹತ್ತು ದಿನಕ್ಕೆ ಮುಗಿಯುತ್ತದೆ. ಹಳ್ಳಿಗೆ ಅಂದರೆ ಬರಲು ಒಪ್ಪುವವರೂ ಕಡಿಮೆ. ಊರಲ್ಲಿರುವ ತಮ್ಮನ ಪಾಲಿನ ರೊಕ್ಕವನ್ನೂ ಈ ಲೆಕ್ಕದಲ್ಲಿ ಹಿಡಿದಿದ್ದೇನೆ, ಬೇಕೆಂದೇ. ಅವನ ಹೆಂಡತಿಯ ದುಡಿಮೆ ಅವನ ಪಾಲಿನ ರೊಕ್ಕ ಅಲ್ಲ. ಇಲ್ಲಿ ಬಹಳ ಮಂದಿ ಅಣ್ಣತಮ್ಮಂದಿರು ಎಡವುತ್ತಾರೆ: “ಅವ ನೋಡ್ಕೋತಾನ, ನಾವು ರೊಕ್ಕಾ ಕೊಡ್ತೀವಿ” ಅನ್ನುತ್ತಾರೆ. ಅವನು ಚಾವಡಿಯಲ್ಲಿ ಕೂತಿರುತ್ತಾನೆ, ನೋಡಿಕೊಳ್ಳುವವಳು ಬೇರೆ.

ಸೊಸೆಗೆ ಪಗಾರ ಅಂದೊಡನೆ ನಿಮ್ಮಲ್ಲಿ ಕೆಲವರ ಮುಖ ಗಂಟಾಗುತ್ತದೆ, ನನಗೆ ಗೊತ್ತು. “ಅತ್ತಿ ಸೇವಾಕ್ಕ ರೊಕ್ಕಾ ಇಸ್ಕೊಂಡ್ಲಂತ” ಅನ್ನುವ ಮಾತು ಹುಟ್ಟುತ್ತದೆ. ಆಕೆಯೇ ಮೊದಲು ಬೇಡ ಅಂದಾಳು. ಕೈಗೆ ಕೊಡಬೇಡಿ, ಆಕೆಯ ಹೆಸರಿನ ಖಾತೆಗೆ ಹಾಕಿ. ಅವ್ವ ಹೋದ ಮೇಲೆ ಸಂಧ್ಯಾ ಸುರಕ್ಷಾ ನಿಲ್ಲುತ್ತದೆ, ಯಜಮಾನಿಯ 2000 ನಿಲ್ಲುತ್ತದೆ, ಹಿರಿಯರ ಪಾಲಿನ ಹೊಲ ಮೂರು ತುಂಡಾಗುತ್ತದೆ. ಬೆನ್ನು ನೋವು ಹಿಡಿಸಿಕೊಂಡ ಆ ಹೆಣ್ಣುಮಗಳ ಹತ್ತಿರ ಆಗ ಏನು ಉಳಿದಿರುತ್ತದೆ? ಜರ್ಮನಿಯವರು 1995ರಲ್ಲೇ ಆರೈಕೆ ವಿಮೆ ತಂದು, ಮನೆಯವರೇ ನೋಡಿಕೊಂಡರೆ ಕುಟುಂಬಕ್ಕೆ ನಗದು ಕೊಡುವ ದಾರಿ ಮಾಡಿದರು. ಜಪಾನಿನಲ್ಲಿ 2000ದಿಂದ, 40 ವರ್ಷ ದಾಟಿದವರೆಲ್ಲ ಆರೈಕೆ ವಿಮೆಗೆ ಕಂತು ಕಟ್ಟುತ್ತಾರೆ. ನಮಗೆ ಅಷ್ಟು ದೊಡ್ಡದು ಬರಲು ಎಷ್ಟು ಚುನಾವಣೆ ಬೇಕೋ. ಆದರೆ ತತ್ತ್ವವನ್ನು ನಮ್ಮ ರಾಜ್ಯ ಸರಕಾರವೂ ಒಪ್ಪಿದೆ: 2024-25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್, ಮಸ್ಕ್ಯುಲರ್ ಡಿಸ್ಟ್ರೊಫಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1000 ರೂಪಾಯಿ ಘೋಷಿಸಿತು. ಆ ಪಟ್ಟಿಯಲ್ಲಿ ಲಕ್ವಾ ಇಲ್ಲ, ಮರೆವಿನ ರೋಗ ಇಲ್ಲ. ನಮ್ಮ ಓಣಿಗಳಲ್ಲಿ ಇರುವುದು ಅವೆರಡೇ.

ಹೊಲದ ಕಾಗದದ ಬಗ್ಗೆ ಎರಡು ಮಾತು. ಈ ಪತ್ರದಲ್ಲಿ ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ. ನೋಡಿಕೊಳ್ಳುತ್ತೇನೆ ಅಂದ ಮಗನಿಗೆ ಹಿರಿಯರು ತಮ್ಮ ಪಾಲನ್ನು ದಾನಪತ್ರ ಬರೆದುಕೊಡುವುದು ಹೆಚ್ಚುತ್ತಿದೆ. 2007ರ ಆ ಕಾಯ್ದೆಯ 23ನೇ ಕಲಂ ಪ್ರಕಾರ, ಆರೈಕೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಆರೈಕೆ ಮಾಡದಿದ್ದರೆ ರದ್ದು ಮಾಡಿಸಬಹುದು. ಆದರೆ ಷರತ್ತು ಇತ್ತು ಅಂತ ತೋರಿಸಬೇಕು. 2022ರ ಡಿಸೆಂಬರಿನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅಂಥ ಷರತ್ತು ಇತ್ತೆಂದು ಸಾಬೀತಾಗದೆ ರದ್ದು ಮಾಡಲು ಬರುವುದಿಲ್ಲ ಅಂದಿತು. 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಹಿರಿಯರ ಪರ ಉದಾರವಾಗಿ ಕಾನೂನನ್ನು ಓದಬೇಕೆಂದು ಹೇಳಿ, ತಾಯಿಗೆ ಆಸ್ತಿ ಮರಳಿ ಕೊಡಿಸಿತು. ಅಲ್ಲಿ ಮಗ ವಚನಪತ್ರ ಬರೆದುಕೊಟ್ಟಿದ್ದ. ಅಂದರೆ ಕಾಗದ ಬೇಕು. ನಮ್ಮಲ್ಲಿ ಲಾವಣಿ ಬಾಯಿಮಾತು, ಪಾಳಿ ಬಾಯಿಮಾತು, “ಅವ್ವನ್ನ ನಾ ನೋಡ್ಕೋತೀನಿ, ಹೊಲ ನನಗಿರಲಿ” ಎಂಬುದೂ ಬಾಯಿಮಾತು. ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದಿನ ಬರಹಗಾರರು ಹಳೆಯ ಅಚ್ಚಿನಲ್ಲಿ “ಪ್ರೀತಿ ವಾತ್ಸಲ್ಯದಿಂದ” ಎಂದು ಒಂದು ಸಾಲು ಬಡಿದು ಮುಗಿಸುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲು ಬರೆಸಿ: ಊಟ, ಔಷಧ, ಹಾಸಿಗೆ ಹಿಡಿದರೆ ಆರೈಕೆ, ಇವನ್ನು ಮಾಡುವ ಷರತ್ತಿನ ಮೇಲೆ. ಬರೆಸಲು ಮಗ ಹಿಂದೇಟು ಹಾಕಿದರೆ ಅಲ್ಲಿಂದಲೇ ತಿಳಿದುಕೊಳ್ಳಿ.

ನನ್ನ ಸಲಹೆ ಇನ್ನೂ ಸರಳ: ಹಿರಿಯರ ಪಾಲನ್ನು ಅವರು ಇರುವವರೆಗೆ ಯಾರ ಹೆಸರಿಗೂ ಮಾಡಿಸಬೇಡಿ. ಲಾವಣಿಯ ರೊಕ್ಕ ಬಂದ ದಿನವೇ ಮೊದಲು ಆರೈಕೆಯ ಖಾತೆಗೆ ಬೀಳಲಿ. ಬೀಜ, ಗೊಬ್ಬರ, ಹಳೆಯ ಸಾಲ, ಯಾರದೋ ಮದುವೆ, ಎಲ್ಲ ಆಮೇಲೆ.

ಹೆಣ್ಣುಮಕ್ಕಳೇ, ನಿಮಗೂ ಈ ಪತ್ರ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ನಿಮಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಗಟ್ಟಿ ಮಾಡಿತು. ನಿಮ್ಮಲ್ಲಿ ಬಹಳ ಮಂದಿ ತವರು ಮುರಿಯಬಾರದು ಅಂತ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಒಂದು ಸೀರೆ ಉಡಿಯಲ್ಲಿ ಹಾಕಿಸಿಕೊಂಡು ಹೋದಿರಿ. ಈಗ ಅವ್ವ ಬಿದ್ದ ಮೇಲೆ ತಮ್ಮನ ಫೋನು ಬರುತ್ತದೆ: “ಅಕ್ಕಾ, ಅವ್ವ ನಿನ್ನ ಹೆಸರ ತಗೊಂಡ ಅಳತಾಳ, ಒಂದ ತಿಂಗಳ ಬಂದ ಇರ.” ಬರುತ್ತೀರಿ. ಬರಬೇಕು ಕೂಡ, 2007ರ ಕಾಯ್ದೆ ಮಗಳನ್ನೂ ಹೊಣೆಗಾರಳು ಅನ್ನುತ್ತದೆ. ಹೊಣೆಗೆ ಬೇಕಾಗುವವರು ಪಾಲಿಗೆ ಯಾಕೆ ಬೇಡವಾದಿರಿ ಅಂತ ಆ ಫೋನಿನಲ್ಲೇ ಕೇಳಿ. ಸಹಿ ಹಾಕದವರು ಅವ್ವ-ಅಪ್ಪ ಇರುವವರೆಗೆ ಹಾಕಬೇಡಿ.

ಇದು ನಮ್ಮೂರ ಕತೆ ಮಾತ್ರ ಅಲ್ಲ. 2025ರ ಮಾರ್ಚಿನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಆಸ್ಪತ್ರೆಯಲ್ಲಿ ಹಿರಿಯರನ್ನು ಬಿಟ್ಟುಹೋಗುವ ಮಕ್ಕಳ ಮೇಲೆ ಕ್ರಮ ತೆಗೆದುಕೊಳ್ಳಲು, ಆಸ್ತಿ ವರ್ಗಾವಣೆ ರದ್ದಾಗುವಂತೆ ನೋಡಿಕೊಳ್ಳಲು ಸೂಚನೆ ಕೊಟ್ಟರು. ಬೆಳಗಾವಿಯ ಬಿಮ್ಸ್ ಆಸ್ಪತ್ರೆ ಒಂದರಲ್ಲೇ ಹಾಗೆ ಬಿಟ್ಟುಹೋದವರು 150ಕ್ಕೂ ಹೆಚ್ಚು ಎಂಬ ವರದಿ ಆಗ ಬಂದಿತ್ತು. ಪತ್ರಿಕೆಗಳು “ಕರುಣೆಯಿಲ್ಲದ ಮಕ್ಕಳು” ಅಂತ ಬರೆದವು. ಕರುಣೆ ಇಲ್ಲದವರು ಇರುತ್ತಾರೆ. ಆದರೆ ಅಷ್ಟು ಮಂದಿ ಒಂದೇ ಸಲ ಕಟುಕರಾಗುವುದಿಲ್ಲ. ಡಿಸ್ಚಾರ್ಜ್ ಕಾರ್ಡು ಕೈಗೆ ಬಂದಾಗ ಮುಂದಿನ ಐದು ವರ್ಷದ ಲೆಕ್ಕ ಕಣ್ಣ ಮುಂದೆ ಬಂದು ಬೆದರಿದವರೂ ಅದರಲ್ಲಿ ಇರಲೇಬೇಕು.

ಇನ್ನು ಪಂಚಾಯಿತಿ. ಮಲಯಾಳದ ನಾಡಿನ ಒಳಗಿರುವ ನಮ್ಮ ಕನ್ನಡದವರನ್ನು ನೋಡಿ. ಕಾಸರಗೋಡಿನ ಎಣ್ಮಕಜೆ, ಬದಿಯಡ್ಕ, ಪೈವಳಿಕೆಯಂಥ ಊರುಗಳಲ್ಲಿ ಹಾಸಿಗೆ ಹಿಡಿದವರ ಮನೆಗೆ ಪಂಚಾಯಿತಿಯ ಪಾಲಿಯೇಟಿವ್ ನರ್ಸ್ ಬರುತ್ತಾಳೆ. ಹುಣ್ಣು ತೊಳೆಯುತ್ತಾಳೆ, ಮೂತ್ರದ ಪೈಪು ಬದಲಿಸುತ್ತಾಳೆ, ಮಗ್ಗಲು ಹೇಗೆ ತಿರುಗಿಸಬೇಕೆಂದು ಮನೆಯವರಿಗೆ ಕಲಿಸುತ್ತಾಳೆ. ಈ ಪಾಲಿಯೇಟಿವ್ ಆರೈಕೆ 1993ರಲ್ಲಿ ಕೋಯಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಕೆಲವು ಡಾಕ್ಟರುಗಳಿಂದ ಶುರುವಾಗಿ, ಮಲಪ್ಪುರಂನ ಊರ ಜನ ಕೈಹಾಕಿ ಬೆಳೆಸಿ, 2008ರಲ್ಲಿ ಕೇರಳ ಸರಕಾರದ ನೀತಿಯೇ ಆಯಿತು. ರೊಕ್ಕ ಪಂಚಾಯಿತಿಯ ಯೋಜನೆ ಹಣದಿಂದ. ಗಡಿಯ ಈಚೆ ಇರುವ ಕನ್ನಡದ ಮುದುಕಿಗೂ ಆಚೆ ಇರುವ ಕನ್ನಡದ ಮುದುಕಿಗೂ ವ್ಯತ್ಯಾಸ ಆ ನರ್ಸ್.

ನಮ್ಮ ಪಂಚಾಯಿತಿಗೆ ಏನೂ ಇಲ್ಲ ಅನ್ನಬೇಡಿ. ಸ್ವಂತ ವರಮಾನದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕೆಂಬ ನಿಯಮ ಇದೆ. ಲಕ್ವಾದಿಂದ ಕೈಕಾಲು ಹೋದವರು ಅಂಗವಿಕಲರಲ್ಲವೇ? ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು ಮಾಡಿಸಿದರೆ ವೈಕಲ್ಯ ಶೇ 75ರ ಮೇಲಿದ್ದವರಿಗೆ ಪಿಂಚಣಿ 1400. ಎರಡು ಪಿಂಚಣಿ ಕೂಡಿ ಬರುವುದಿಲ್ಲ, 200ರ ಲಾಭ ಅಷ್ಟೇ. ಆದರೆ ಆ ಕಾರ್ಡು ಕೈಯಲ್ಲಿದ್ದರೆ ಗಾಲಿಕುರ್ಚಿ, ಏರ್‌ಬೆಡ್ ಕೇಳಲು ಬಾಯಿ ಬರುತ್ತದೆ. ಅದಕ್ಕಾಗಿಯೇ ಪಂಚಾಯಿತಿಗೊಬ್ಬರು ಪುನರ್ವಸತಿ ಕಾರ್ಯಕರ್ತರಿದ್ದಾರೆ. 2023ರ ರಾಜ್ಯ ಬಜೆಟ್ಟಿನಲ್ಲಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ “ಕೂಸಿನ ಮನೆ” ಅಂತ ಪಂಚಾಯಿತಿಗಳಲ್ಲಿ ತೆರೆಯಲು ಹೊರಟರು, ಊರ ಹೆಂಗಸರಿಗೇ ತರಬೇತಿ ಕೊಟ್ಟು ಕೂಲಿ ಕೊಟ್ಟರು. ಕೂಸನ್ನು ಹಗಲು ನೋಡಿಕೊಂಡದ್ದಕ್ಕೆ ಕೂಲಿ ಇದೆ ಅಂತಾದರೆ, ಅಜ್ಜಿಯನ್ನು ನೋಡಿಕೊಂಡದ್ದಕ್ಕೆ ಯಾಕಿಲ್ಲ ಅಂತ ಗ್ರಾಮಸಭೆಯಲ್ಲಿ ಒಬ್ಬರಾದರೂ ಎದ್ದು ಕೇಳಬೇಕು. ಆರು ತಿಂಗಳಿಗೊಮ್ಮೆ ಸಭೆ ನಡೆಯಲೇಬೇಕು. ನೀವು ಬಾರದೆ ನಾವು ಹತ್ತು ಮುದುಕರು ಕೂತರೆ ಅದು ಚರಂಡಿ ಮತ್ತು ಬೀದಿದೀಪದಲ್ಲಿ ಮುಗಿಯುತ್ತದೆ.

ದೀಪಾವಳಿಗೆ ಬರುತ್ತೀರಲ್ಲ. ಹಿರಿಯರ ಪಾಲಿನ ಉತಾರ, ಆಧಾರ್, ಡಿಸ್ಚಾರ್ಜ್ ಕಾರ್ಡು, ಕಳೆದ ಮೂರು ತಿಂಗಳ ಔಷಧದ ಚೀಟಿ ತನ್ನಿ. ಪಾಡ್ಯದ ಮರುದಿನ ಹೊತ್ತಾರೆ ಹತ್ತರಿಂದ ನಾನು ಮನೆಯಲ್ಲೇ ಇರುತ್ತೇನೆ. ಯಾರ ಮನೆಯ ಖಾತೆ ಹೇಗೆ ತೆರೆಯಬೇಕು, ಯಾರು ಎಷ್ಟು ಹಾಕಬೇಕು, ಯಾವ ಅರ್ಜಿ ಎಲ್ಲಿ ಕೊಡಬೇಕು, ಒಂದೊಂದಾಗಿ ಬರೆದು ಕೊಡುತ್ತೇನೆ. ಅಣ್ಣತಮ್ಮಂದಿರಷ್ಟೇ ಬಂದರೆ ಬಾಗಿಲಿಂದಲೇ ತಿರುಗಿ ಕಳಿಸುತ್ತೇನೆ. ಅಕ್ಕತಂಗಿಯರನ್ನು ಕರೆತನ್ನಿ. ಸೊಸೆಯರನ್ನು ಕರೆತನ್ನಿ, ಅಷ್ಟು ಹೊತ್ತು ಹಾಸಿಗೆಯ ಪಕ್ಕ ನಿಮ್ಮಲ್ಲೊಬ್ಬ ಕೂರಲಿ. ಎರಡು ತಾಸಿಗೆ ಅಲಾರಂ ಹೊಡೆಯುತ್ತದೆ, ಮಗ್ಗಲು ತಿರುಗಿಸುವಾಗ ಭುಜ ಮತ್ತು ಸೊಂಟದ ಕೆಳಗೆ ಕೈ ಹಾಕಬೇಕು, ತೋಳು ಹಿಡಿದು ಎಳೆಯಬಾರದು.

ಇತಿ,
ನಿಮ್ಮೂರ ಕಾಕಾ,
ಶಿರಗುಪ್ಪಿ